ಗಾಳಿ ಯಾವ ಕಡೆಯಿಂದ?

ನನ್ನ ಸೊಸೆ ಏನು ಕೆಲಸ ಮಾಡ್ತಾಳೆ ಅಂತ ಯಾರಾದ್ರೂ ಕೇಳಿದರೆ ಮೊದಮೊದಲು ನಾನು "ಅದೇನೋ ಕಂಪ್ಯೂಟರ್ ಕೆಲಸವಂತೆ" ಅಂದು ಮಾತು ಮುಗಿಸ್ತಿದ್ದೆ. ಈಗ ಹಾಗಲ್ಲ. ಕೇಳಿದವರನ್ನ ಕೂರಿಸಿ, ಚಹಾ ಕೊಟ್ಟು, ಮೊದಲಿಂದ ಕೊನೆವರೆಗೂ ಹೇಳಿಯೇ ಕಳಿಸೋದು. ಕೆಲವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದೂ ಉಂಟು. ಹೋಗಲಿ ಬಿಡಿ, ಅವರ ಹಣೆಬರಹ.

ಅವಳ ಕೆಲಸ ಉಪಗ್ರಹ ತೆಗೆದ ಚಿತ್ರದಲ್ಲಿ ಮೀಥೇನ್ ಹುಡುಕೋದು. ಮೀಥೇನ್ ಅಂದ್ರೆ ಕಸ ಕೊಳೆತಾಗ ಹುಟ್ಟೋ ಒಂದು ಗ್ಯಾಸು. ಬಣ್ಣ ಇಲ್ಲ, ವಾಸನೆಯೂ ಇಲ್ಲ. ಕಸದ ಗುಡ್ಡೆ ಹತ್ತಿರ ನಾವು ಮೂಗು ಮುಚ್ಚಿಕೊಳ್ಳೋದು ಅದರ ಜೊತೆಗಾರರ ವಾಸನೆಗೆ. ಆದರೆ ಇದು ಸದ್ದಿಲ್ಲದೆ ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸಿ ಕೂರುತ್ತಂತೆ, ಬಿಸಿ ಹೊರಗೆ ಹೋಗೋಕೆ ಬಿಡಲ್ಲವಂತೆ. "ಕಣ್ಣಿಗೇ ಕಾಣದ್ದನ್ನ ಅಷ್ಟು ಎತ್ತರದಿಂದ ಹೇಗೆ ನೋಡ್ತೀರೇ?" ಅಂತ ನಾನು ಕೇಳಿದ್ದಕ್ಕೆ ಅವಳು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು.

"ಅತ್ತೆ, ಬೆಳಿಗ್ಗೆ ಡಬ್ಬಿ ತುಂಬ ಇತ್ತು. ಈಗ ನೋಡಿ, ಬೇರೆ ಎಲ್ಲ ಹಾಗೇ ಇವೆ, ಕ್ರೀಂ ಬಿಸ್ಕತ್ತು ಮಾತ್ರ ಖಾಲಿ. ತಿಂದವರು ಯಾರು?"

"ಇನ್ಯಾರು, ನಿನ್ನ ಗಂಡ."

"ನೀವು ನೋಡಿದ್ರಾ?"

"ನೋಡೋದೇನು ಬಂತು? ಅವನೊಬ್ಬನೇ ಅದನ್ನ ತಿನ್ನೋದು."

"ಅಷ್ಟೇ ಅತ್ತೆ. ಬಿಸಿಲು ನೆಲಕ್ಕೆ ಬಿದ್ದು ವಾಪಸ್ ಮೇಲಕ್ಕೆ ಹೋಗುತ್ತೆ. ಅದರಲ್ಲಿ ನಮ್ಮ ಕಣ್ಣಿಗೆ ಕಾಣದ ಬಣ್ಣಗಳೂ ಇರ್ತವೆ. ದಾರಿಯಲ್ಲಿ ಮೀಥೇನ್ ಸಿಕ್ಕಿದರೆ ಅದು ತನಗೆ ಬೇಕಾದ ಬಣ್ಣ ಮಾತ್ರ ತಿಂದುಬಿಡುತ್ತೆ. ಉಳಿದಿದ್ದನ್ನ ಉಪಗ್ರಹ ನೋಡುತ್ತೆ. ತಿಂದವರು ಯಾರು, ಎಷ್ಟು ತಿಂದರು ಅಂತ ನಾವು ಲೆಕ್ಕ ಹಾಕ್ತೀವಿ."

ಈ ಬಿಸ್ಕತ್ತಿನ ಪಾಠ ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಇನ್ನು ನನ್ನ ಮಗ. ಅವನು ಊರಿನ ಕಸದ ಯಾರ್ಡಿನ ಉಸ್ತುವಾರಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರೇನೋ, ಅನ್ನಿ, ಆದರೆ ಊರವರ ಹೊಲಸನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿಸಿ, ಮಣ್ಣು ಮುಚ್ಚಿಸಿ, ಸಂಜೆ ಸ್ನಾನ ಮಾಡಿ ನಗುತ್ತಾ ಊಟಕ್ಕೆ ಕೂರೋದು ಎಲ್ಲರ ಕೈಲಾಗೋ ಕೆಲಸ ಅಲ್ಲ. ಹೆಣ್ಣು ಕೊಡೋರು ಮಾತ್ರ ಕೆಲಸ ಏನು ಅಂತ ಕೇಳಿದ ತಕ್ಷಣ ಬಂದ ದಾರಿ ಹಿಡೀತಿದ್ದರು. ಕೊನೆಗೆ ಹೆಣ್ಣೇ ಕಸದ ಗುಡ್ಡೆ ಹತ್ತಿ ಬಂತು ನೋಡಿ. ಅವಳ ಆಫೀಸಿನವರಿಗೆ ಈ ಯಾರ್ಡಿನ ಮೇಲೆ ಗ್ಯಾಸ್ ಕಂಡಿತ್ತಂತೆ, ಜಾಗ ನೋಡ್ಕೊಂಡು ಬಾ ಅಂತ ಅವಳನ್ನ ಕಳಿಸಿದ್ದರು. ಇವನು ಕೆಳಗಿಂದ ನೋಡ್ತಾನೆ, ಗುಡ್ಡೆ ತುದಿಯಲ್ಲಿ ಯಾರೋ ಹುಡುಗಿ ದುಪಟ್ಟಾ ಮೇಲಕ್ಕೆ ಹಿಡಿದು ನಿಂತಿದ್ದಾಳೆ. "ಯಾರ್ರೀ ಅದು, ಇಳೀರಿ ಕೆಳಗೆ!" ಅಂತ ಕೂಗಿದರೆ, ಅವಳು ಅಲ್ಲಿಂದಲೇ "ಇಲ್ಲಿ ಮಧ್ಯಾಹ್ನ ಗಾಳಿ ಯಾವ ಕಡೆಯಿಂದ ಬರುತ್ತೆ?" ಅಂತ ಕೇಳಿದಳಂತೆ.

"ಅಮ್ಮ, ಅಲ್ಲಿಗೆ ಬಂದೋರೆಲ್ಲ ಮೂಗು ಮುಚ್ಕೊಂಡು ಇದನ್ನ ಯಾವಾಗ ತೆಗೀತೀರಿ ಅಂತ ಕೇಳೋರೇ. ಗಾಳಿ ಕೇಳಿದವಳು ಇವಳೊಬ್ಬಳೇ," ಅಂದ ನನ್ನ ಮಗ ಅವತ್ತು ಸಂಜೆ. ಮುಖ ನೋಡಿದೆ. ಆಯ್ತು, ಇವನ ಕಥೆ ಮುಗೀತು ಅಂದುಕೊಂಡೆ.

ಗಾಳಿ ಗೊತ್ತಿಲ್ಲದೆ ಗ್ಯಾಸಿನ ಲೆಕ್ಕ ಆಗಲ್ಲವಂತೆ. ಗಾಳಿ ಜೋರಿದ್ದರೆ ಗ್ಯಾಸ್ ಚದುರಿ ಕಮ್ಮಿ ಕಾಣುತ್ತೆ, ಮೆಲ್ಲಗಿದ್ದರೆ ಗುಂಪಾಗಿ ನಿಂತು ಜಾಸ್ತಿ ಕಾಣುತ್ತೆ. ಅದಕ್ಕೇ ಉಪಗ್ರಹ ನಮ್ಮೂರ ಮೇಲೆ ಹಾದುಹೋಗೋ ದಿನ ಮಧ್ಯಾಹ್ನ ಅವಳು ಫೋನ್ ಮಾಡಿ ಗಾಳಿ ಕೇಳೋಳು. ಇವನು ತನ್ನಪ್ಪನ ಹಳೇ ಅಂಗಿಯ ತೋಳು ಕತ್ತರಿಸಿ ಯಾರ್ಡಿನ ಕಂಬಕ್ಕೆ ಕಟ್ಟಿ, ಅದು ಉಬ್ಬಿದ ದಿಕ್ಕು ನೋಡಿ ಹೇಳೋನು. ಆಮೇಲೆ ಉಪಗ್ರಹ ಬರದ ದಿನವೂ ಫೋನ್ ಶುರುವಾಯ್ತು. ಹೀಗೆ ಗಾಳಿ ಮಾತು ಗಾಳಿಗೆ ಹೋಗದೆ ಮದುವೆಗೆ ಬಂದು ನಿಂತಿತು.

ಮದುವೆಯಾದ ಮೇಲೆ ಆ ಯಾರ್ಡಿನ ಚಿತ್ರ ಅವಳು ಮುಟ್ಟೋ ಹಾಗಿಲ್ಲ. ಆಫೀಸಿನ ಕಟ್ಟುನಿಟ್ಟು ಅದು: ಬಂಧುಗಳ ಜಾಗ ಆದರೆ ಚಿತ್ರ ಪಕ್ಕದ ಟೇಬಲ್ಲಿಗೆ ಹೋಗಬೇಕು. ಪಕ್ಕದ ಟೇಬಲ್ಲಿನವನಿಗೆ ಗಾಜಿನ ಲೋಟದ ತಳದಷ್ಟು ದಪ್ಪ ಕನ್ನಡಕ. ನಮ್ಮನೆಯಲ್ಲಿ ಅವನ ಹೆಸರೇ ಕನ್ನಡಕ. ಒಳ್ಳೇ ಹುಡುಗ, ಯಾರು ಏನು ಕೊಟ್ಟರೂ ತಿಂತಾನೆ. ಚಿತ್ರ ಅವನ ಪಾಲಾಯ್ತು, ಮಧ್ಯಾಹ್ನದ ಫೋನ್ ಮಾತ್ರ ನಿಲ್ಲಲಿಲ್ಲ. ಬೇರೆ ಗಂಡ ಹೆಂಡತಿ ಊಟ ಆಯ್ತಾ ಅಂತ ಕೇಳ್ತಾರೆ, ಇವರದ್ದು "ಗಾಳಿ ಯಾವ ಕಡೆಯಿಂದ ರೀ?" "ಪಶ್ಚಿಮದಿಂದ ಕಣೆ." ಅಷ್ಟೇ. ಇಡ್ತಾರೆ.

ಅವಳ ಜೊತೆ ಬಾಳೋದು ಸುಲಭ ಅಂತ ಮಾತ್ರ ಹೇಳಲ್ಲ. ಬೀದಿಯಲ್ಲಿ ನಡೆಯುವಾಗ ಬೇಕರಿ ಚಿಮಣಿ ಹೊಗೆ ನೋಡ್ತಾ ನಿಂತುಬಿಡ್ತಾಳೆ, ಹಿಂದಿನಿಂದ ಗಾಡಿಯವರು ಬೈತಾರೆ. ಹಾಲು ಉಕ್ಕುತ್ತಿದ್ದರೂ ಅದರ ಹಬೆ ಎತ್ತ ವಾಲ್ತಿದೆ ಅಂತ ನೋಡ್ತಾಳೆ ಹೊರತು ಒಲೆ ಆರಿಸಲ್ಲ. ನಾನು "ಗಾಳಿ ಪೂರ್ವಕ್ಕೆ ಬೀಸ್ತಿದೆ" ಅಂದರೆ "ಪಶ್ಚಿಮದಿಂದ ಅನ್ನಬೇಕು ಅತ್ತೆ" ಅಂತ ತಿದ್ದುತ್ತಾಳೆ. ಬೀದಿಯವರೆಲ್ಲ ಅವಳನ್ನ ಗಾಳಿ ಮೇಡಂ ಅಂತಲೇ ಕರೆಯೋದು. ಇದನ್ನೆಲ್ಲ ಸಹಿಸಬಹುದು. ಆದರೆ ಒಂದು ಸಣ್ಣ ಸುಳ್ಳು ಕೂಡ ಆ ಬಾಯಲ್ಲಿ ಬರಲ್ಲ ರೀ! ಹೊಸದಾಗಿ ಮನೆಗೆ ಬಂದವಳು, ಅಡುಗೆ ಹೇಗಿದೆಯಮ್ಮಾ ಅಂತ ನಾನು ಬಾಯಿಮಾತಿಗೆ ಕೇಳಿದರೆ, "ಉಪ್ಪು ಜಾಸ್ತಿ ಅತ್ತೆ, ನಿನ್ನೆಯೂ ಜಾಸ್ತಿ ಇತ್ತು" ಅಂದಳು. ನೆಂಟರೆದುರಿಗೆ! ಎರಡು ದಿನ ನಾನು ಅವಳ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಉಪ್ಪು ಕಮ್ಮಿ ಹಾಕಿದೆ. ಅಡುಗೆ ಚೆನ್ನಾಗೇ ಇತ್ತು ಅನ್ನಿ.

ಈಗ ವಿಷಯಕ್ಕೆ ಬರ್ತೀನಿ.

ಅವಳ ಆಫೀಸು ಆಗಾಗ ಒಂದು ನಕ್ಷೆ ಹೊರಗೆ ಬಿಡುತ್ತೆ. ಎಲ್ಲಿ ಗ್ಯಾಸ್ ಸೋರ್ತಿದೆಯೋ ಅಲ್ಲಿ ಕೆಂಪು ಚುಕ್ಕೆ, ಊರಿಗೆಲ್ಲ ಕಾಣೋ ಹಾಗೆ. ನಮ್ಮೂರ ಯಾರ್ಡಿಗೆ ಪ್ರತಿ ಸಲವೂ ಚುಕ್ಕೆ ಇದ್ದೇ ಇರೋದು. ಪುರಸಭೆಗೆ ಹೊಸದಾಗಿ ಬಂದ ಅಧ್ಯಕ್ಷೆಗೆ ಇದು ಮುಖಕ್ಕೆ ಮಸಿ ಬಳಿದ ಹಾಗಾಯ್ತು. ನನ್ನ ಮಗನನ್ನ ಕರೆಸಿ, "ಮುಂದಿನ ನಕ್ಷೆಯಲ್ಲಿ ಈ ಚುಕ್ಕೆ ಇರಬಾರದು. ಇದ್ದರೆ ಯಾರ್ಡನ್ನ ಹೊರಗಿನ ಕಂಪನಿಗೆ ವಹಿಸ್ತೀವಿ, ನೀವು ಬೇರೆ ಕೆಲಸ ನೋಡ್ಕೊಳ್ಳಿ" ಅಂದರು.

ಇವನು ಛಲಗಾರ. ಗುಡ್ಡೆಯೊಳಗೆ ಕೊಳವೆ ಇಳಿಸಿ ಗ್ಯಾಸ್ ಎಳೆದು ಒಂದು ಕಡೆ ಉರಿಸೋ ವ್ಯವಸ್ಥೆ ಮಾಡಿಸಿದ. ಗುಡ್ಡೆ ಮೇಲೆ ಬೆಳ್ಳಗಿನ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಸಿಸಿದ. ಉಳಿದ ತುಂಡನ್ನೂ ಬಿಡದೆ ಪೂರ್ವದ ಇಳಿಜಾರಿನ ಚರಂಡಿ ಉದ್ದಕ್ಕೂ ಎಳೆಸಿದ. ದೂರದಿಂದ ನೋಡಿದರೆ ಗುಡ್ಡೆಗೆ ಬಾಲ ಬಂದ ಹಾಗಿತ್ತು. ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತು ಸೀದುಹೋದ ಕಂದ ನನ್ನದು. "ಅಮ್ಮ, ಈ ಸಲ ಚುಕ್ಕೆ ಮಾಯ ನೋಡು," ಅಂತಿದ್ದ.

ನಕ್ಷೆ ಬಂತು. ಚುಕ್ಕೆ ಮೊದಲಿಗಿಂತ ದೊಡ್ಡದು.

ಅವನು ಮನೆಗೆ ಬಂದವನು ಶೂ ಕೂಡ ಬಿಚ್ಚಲಿಲ್ಲ. ನೇರ ಅಡುಗೆಮನೆಗೆ ಬಂದು ಅವಳ ಮುಖಕ್ಕೆ ಫೋನ್ ಹಿಡಿದ. "ನೋಡು, ನಿಮ್ಮ ಆಫೀಸಿನ ಕೃಪೆ!"

"ರೀ, ಆ ಚಿತ್ರ ನಾನು ನೋಡಿಯೇ ಇಲ್ಲ."

"ನೀನು ನೋಡಿಲ್ಲ ಅನ್ನೋದೇ ನನ್ನ ತಕರಾರು!"

ಅವಳು ಕೈ ಒರೆಸಿಕೊಂಡು ಫೋನ್ ಇಸ್ಕೊಂಡಳು. ಹೊರಗೆ ಬಂದ ಚಿತ್ರವನ್ನ ಈಗ ಯಾರು ಬೇಕಾದರೂ ನೋಡಬಹುದು, ಅವಳೂ ನೋಡಬಹುದು. ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಕೆಂಪಗೆ ಒಂದು ದುಂಡು ತಲೆ, ಪೂರ್ವಕ್ಕೆ ಒಂದು ಬಾಲ. ಆಮೇಲೆ ಉಪಗ್ರಹ ಮತ್ತೊಂದು ದಿನ ತೆಗೆದ ಹೊಸ ಚಿತ್ರ ತೆಗೆದಳು, ಅದೂ ಎಲ್ಲರಿಗೂ ಸಿಗೋದೇ. ಅದೇ ತಲೆ, ಅದೇ ಬಾಲ. ಹುಬ್ಬು ಗಂಟು ಹಾಕಿ ನನ್ನ ಕಡೆ ತಿರುಗಿದಳು.

"ಅತ್ತೆ, ಮೊನ್ನೆ ಶುಕ್ರವಾರ ನಿಮ್ಮ ಹೂವಿನ ಬೆಡ್‌ಶೀಟು ಹಾರಿಹೋಯ್ತಲ್ಲ, ಯಾರ ತಾರಸಿಗೆ ಬಿತ್ತು?"

ಮಗನ ಕೆಲಸ ಹೋಗೋ ಹೊತ್ತಲ್ಲಿ ಇವಳಿಗೆ ಬೆಡ್‌ಶೀಟು! "ಟೈಲರಮ್ಮನ ತಾರಸಿಗೆ. ಮಡಚಿ ತಂದುಕೊಟ್ಟಳು, ಜೊತೆಗೆ ಕ್ಲಿಪ್ಪು ಹಾಕೋಕೆ ಬರಲ್ವಾ ಅಂತ ಬುದ್ಧಿನೂ ಹೇಳಿದಳು," ಅಂದೆ.

ಟೈಲರಮ್ಮನ ಮನೆ ಇರೋದು ನಮ್ಮನೆ ಪಶ್ಚಿಮಕ್ಕೆ. ಅಂದ್ರೆ ಶುಕ್ರವಾರ ಗಾಳಿ ಪೂರ್ವದಿಂದ. ಹೊಸ ಚಿತ್ರ ಅದೇ ಶುಕ್ರವಾರದ್ದು. ಗಾಳಿ ನೋಡೋಕೆ ಅವರ ಆಫೀಸಿನಲ್ಲಿ ದೊಡ್ಡ ದೊಡ್ಡ ಲೆಕ್ಕಗಳಿವೆ, ಆಮೇಲೆ ಅದನ್ನೂ ನೋಡಿದಳು ಅನ್ನಿ. ಆದರೆ ಮೊದಲು ಕೇಳಿದ್ದು ನನ್ನನ್ನ.

"ಗಾಳಿ ಪೂರ್ವದಿಂದ ಬಂದರೆ ಬಾಲ ಪಶ್ಚಿಮಕ್ಕೆ ಹೋಗಬೇಕಿತ್ತು ರೀ," ಅಂದಳು ಗಂಡನಿಗೆ. "ಗ್ಯಾಸು ಗಾಳಿಗೆ ಎದುರಾಗಿ ಹೋಗಲ್ಲ. ಇದು ಗ್ಯಾಸೇ ಅಲ್ಲ. ಇದು ನೀವು ಹಾಸಿದ ಹೊದಿಕೆ!"

ಕ್ರೀಂ ಬಿಸ್ಕತ್ತು ತಿನ್ನೋನು ಇನ್ನೊಬ್ಬ ಇದ್ದ ನೋಡಿ. ಪ್ಲಾಸ್ಟಿಕ್ಕೂ ಮೀಥೇನೂ ದಾಯಾದಿಗಳಂತೆ, ಎರಡೂ ಹೆಚ್ಚುಕಮ್ಮಿ ಅದೇ ಬಣ್ಣ ತಿಂತಾವಂತೆ. ಕನ್ನಡಕನ ಕೈಗೆ ಬಂದಿದ್ದು ಮೊದಲನೇ ಚಿತ್ರ ಒಂದೇ. ಆ ದಿನ ಗಾಳಿ ಪಶ್ಚಿಮದಿಂದಲೇ ಇತ್ತು, ಬಾಲ ಪೂರ್ವಕ್ಕೆ ಸರಿಯಾಗಿ ಹೊಂದಿತು. ಕಸದ ಗುಡ್ಡೆ ಅಂದಮೇಲೆ ಗ್ಯಾಸ್ ಇದ್ದೇ ಇರುತ್ತೆ ಅಂತ ಅವನು ಗುರುತು ಹಾಕಿಬಿಟ್ಟ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅವನಿಗೆ ಯಾರು ಹೇಳಬೇಕು? ಹೊದಿಕೆಯನ್ನ ಕಣ್ಣಾರೆ ನೋಡಿದ್ದವಳು ನನ್ನ ಸೊಸೆ, ಅವಳು ಚಿತ್ರ ಮುಟ್ಟೋ ಹಾಗಿಲ್ಲ. ಚಿತ್ರ ಮುಟ್ಟೋನು ಅವನು, ಹೊದಿಕೆ ನೋಡಿಲ್ಲ. ಎಂಥಾ ಚೆಂದದ ಕಾನೂನು!

ನನ್ನ ಮಗನ ಮುಖ ಅರಳಿತು. "ಈಗಲೇ ಬರೆದು ಕಳಿಸು," ಅಂದ. ನಕ್ಷೆ ಬಗ್ಗೆ ಯಾರು ಬೇಕಾದರೂ ತಕರಾರು ಕಳಿಸಬಹುದು, ಆ ಜಾಗಕ್ಕೂ ತಮಗೂ ಏನು ಸಂಬಂಧ ಅಂತ ಮಾತ್ರ ಮೊದಲೇ ಹೇಳಬೇಕು. "ಸರಿಯಾಗಿ ಲೆಕ್ಕ ಹಾಕಿ ಕಳಿಸ್ತೀನಿ," ಅಂದಳು.

ಭಾನುವಾರ ಇಡೀ ದಿನ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಳು. ಮಗ ಯಾರ್ಡಿಗೆ ಹೋಗಿದ್ದ. ಸಂಜೆ ಹೊತ್ತಿಗೆ ನೋಡ್ತೀನಿ, ಕೊಟ್ಟ ಚಹಾ ಹಾಗೇ ಕೆನೆಗಟ್ಟಿದೆ, ಇವಳು ಕೆನ್ನೆಗೆ ಕೈ ಕೊಟ್ಟು ಕೂತಿದ್ದಾಳೆ.

"ಏನಾಯ್ತೇ?"

"ಹೊದಿಕೆಯನ್ನ ಲೆಕ್ಕದಿಂದ ತೆಗೆದುಹಾಕಿದೆ ಅತ್ತೆ. ದೊಡ್ಡ ಚುಕ್ಕೆ ಹೋಯ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದಿದೆ. ದಕ್ಷಿಣದ ಮೂಲೆಯಲ್ಲಿ, ಸಣ್ಣ ಎಳೆ. ಒಂದು ಚಿತ್ರದಲ್ಲಿ ಪೂರ್ವಕ್ಕಿದೆ, ಇನ್ನೊಂದರಲ್ಲಿ ಪಶ್ಚಿಮಕ್ಕೆ ತಿರುಗಿದೆ. ಗಾಳಿ ಜೊತೆ ತಿರುಗ್ತಿದೆ ಅತ್ತೆ. ಇದು ನಿಜವಾದ ಸೋರಿಕೆ."

ನಾನು ಬಾಗಿಲ ಕಡೆ ಒಂದು ಸಲ ನೋಡ್ಕೊಂಡೆ. "ಬೇರೆ ಯಾರಿಗಾದ್ರೂ ಕಂಡಿದೆಯಾ?"

"ಇಲ್ಲ. ಹೊದಿಕೆಯನ್ನ ಕಳೆಯದೆ ಕಾಣಲ್ಲ."

"ಹಾಗಾದ್ರೆ ಹೊದಿಕೆ ಮಾತು ಬರೆದು ಕಳಿಸು, ಸಾಕು. ಮೂಲೆ ವಿಷಯ ಮನೆಯಲ್ಲೇ ಅವನ ಕಿವಿಗೆ ಹಾಕು, ಸದ್ದಿಲ್ಲದೆ ಸರಿ ಮಾಡ್ಕೊಳ್ತಾನೆ. ಕೇಳಿದ್ದಕ್ಕಿಂತ ಹೆಚ್ಚು ಹೇಳು ಅಂತ ನಿನಗೆ ಯಾರು ಹೇಳಿದ್ದು?" ಅಂದೆ. ಹೌದು, ಅಂದೆ. ನನಗೇನೂ ನಾಚಿಕೆಯಿಲ್ಲ. ತಾಯಿ ಕರುಳು ಲೆಕ್ಕದ ಪುಸ್ತಕ ಓದಿ ಮಾತಾಡಲ್ಲ.

"ಅತ್ತೆ, ಅರ್ಧ ಮಾತ್ರ ಕಂಡಿದ್ದರೆ ಅರ್ಧ ಬರೀತಿದ್ದೆ," ಅಂದಳು. "ಈಗ ಪೂರ್ತಿ ಕಂಡುಬಿಟ್ಟಿದೆ."

"ಕಟ್ಟಿಕೊಂಡವನ ಅನ್ನಕ್ಕೇ ಕಲ್ಲು ಹಾಕ್ತೀಯೇನೇ?"

ಅವಳ ಕಣ್ಣು ತುಂಬಿ ಬಂತು. ಆದರೂ ಎರಡನ್ನೂ ಬರೆದಳು, ಕಳಿಸಿಯೂ ಬಿಟ್ಟಳು. ಮಗ ಬಂದಾಗ ತಾನೇ ಹೇಳಿದಳು. ಅವನು ತಟ್ಟೆ ಮುಂದಿಟ್ಟುಕೊಂಡವನು ಕೈ ಹಾಗೇ ನಿಲ್ಲಿಸಿ, "ದೊಡ್ಡ ಕಲ್ಲು ಎತ್ತಿ ಪಕ್ಕಕ್ಕಿಟ್ಟು ಸಣ್ಣ ಕಲ್ಲಲ್ಲಿ ಹೊಡೆದೆಯಾ? ಭೇಷ್," ಅಂದ. ಅಷ್ಟು ಹೇಳಿ ಎದ್ದು ಹೋದ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರದ್ದು ಉಂಡರೂ ಮುಗಿಯಲಿಲ್ಲ, ಮಲಗಿದರೂ ಮುಗಿಯಲಿಲ್ಲ. ಬೆಳಿಗ್ಗೆ "ಅಮ್ಮ, ನನ್ನ ಟವೆಲ್ ಎಲ್ಲಿದೆ ಅಂತ ಅವಳನ್ನ ಕೇಳು" ಅಂತ ಅವನು. "ಅತ್ತೆ, ಬಾಗಿಲ ಹಿಂದೆ ಇದೆ ಅಂತ ಹೇಳಿ" ಅಂತ ಅವಳು. ಇಬ್ಬರ ಮಧ್ಯೆ ಇರೋದು ಮೂರು ಹೆಜ್ಜೆ! ಮಧ್ಯಾಹ್ನದ ಫೋನ್ ನಿಂತೇಹೋಯ್ತು. ಆ ಹೊತ್ತಾದರೆ ಅವಳು ಫೋನನ್ನ ಒಂದು ಸಲ ನೋಡ್ತಾಳೆ, ಬೋರಲು ಹಾಕಿ ಇಡ್ತಾಳೆ. ಆಫೀಸಿನಲ್ಲೂ ಅದೇ ಕಥೆ ಅಂತ ಕನ್ನಡಕ ಆಮೇಲೆ ಹೇಳಿದ. ನನಗೆ ಅವಳ ಮೇಲೆ ಕೋಪವೂ ಇತ್ತು, ಕರುಳೂ ಚುರ್ ಅನ್ನೋದು. ಎರಡೂ ಒಟ್ಟಿಗೆ ಇದ್ದರೆ ಊಟ ಸೇರಲ್ಲ.

ಮಗ ಮಾತು ಬಿಟ್ಟನೇ ಹೊರತು ಕೆಲಸ ಬಿಡಲಿಲ್ಲ. ಮಾರನೇ ದಿನವೇ ದಕ್ಷಿಣದ ಮೂಲೆ ಅಗೆಸಿದ. ಮಣ್ಣಿನಡಿ ಹಳೇ ಕೊಳವೆಯ ಮುಚ್ಚಳ ಬಿರುಕು ಬಿಟ್ಟಿತ್ತು. "ಇತ್ತು," ಅಂದ ನನ್ನ ಹತ್ತಿರ, ಬೇರೆ ಕಡೆ ನೋಡ್ತಾ. ಹೊಸ ಮುಚ್ಚಳ ಹಾಕಿಸಿದ.

ಪುರಸಭೆಯಲ್ಲಿ ಸಭೆ ಕರೆದರು. ಯಾರ್ಡು ಇವನ ಕೈಲಿರುತ್ತೋ ಹೋಗುತ್ತೋ ಅನ್ನೋದು ಅಲ್ಲೇ ತೀರ್ಮಾನ. ಯಾರು ಬೇಕಾದರೂ ಬಂದು ಕೂರಬಹುದು ಅಂದಿದ್ದರು, ನಾನು ಸೊಸೆಯನ್ನ ಎಳ್ಕೊಂಡು ಹೋಗಿ ಹಿಂದಿನ ಬೆಂಚಲ್ಲಿ ಕೂತೆ. ಮಗ ಮುಂದೆ ಒಂಟಿ ಕುರ್ಚಿಯಲ್ಲಿ ಕೂತಿದ್ದ. ಒಬ್ಬ ಸದಸ್ಯ ಎದ್ದು, "ಗಂಡನ ಯಾರ್ಡು, ಹೆಂಡತಿಯ ತಕರಾರು. ಇದನ್ನ ನಂಬೋಕೆ ನಾವೇನು ಕಿವಿಗೆ ಹೂ ಇಟ್ಕೊಂಡಿದ್ದೀವಾ?" ಅಂದ. ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯ್ತು. ಸೊಸೆ ನೆಲ ನೋಡ್ತಾ ಕೂತಿದ್ದಳು.

ಆಫೀಸಿನ ಪರವಾಗಿ ಉತ್ತರ ಹೇಳೋಕೆ ಬಂದಿದ್ದು ಕನ್ನಡಕ. ಎದ್ದು ನಿಂತು ಕನ್ನಡಕ ಒರೆಸಿದ, ಮತ್ತೆ ಹಾಕ್ಕೊಂಡ.

"ತಪ್ಪು ಗುರುತು ಹಾಕಿದವನು ನಾನೇ ಸರ್," ಅಂದ. "ತಕರಾರು ಬಂದಾಗ ನಾನೂ ನಕ್ಕೆ. ಮೊದಲನೇ ಸಾಲಲ್ಲೇ 'ನಾನು ಉಸ್ತುವಾರಿಯ ಹೆಂಡತಿ' ಅಂತಿತ್ತು. ಗಂಡನ್ನ ಉಳಿಸ್ಕೊಳ್ಳೋಕೆ ಬರೆದಿದ್ದಾರೆ ಬಿಡು ಅಂತ ಮುಚ್ಚಿಡೋನಿದ್ದೆ. ಆಮೇಲೆ ಕೆಳಗೆ ಓದಿದೆ. ದಕ್ಷಿಣದ ಮೂಲೆಯಲ್ಲಿ ಸೋರ್ತಿದೆ ಅಂತ ಬರೆದಿದ್ದರು. ಅದು ನನಗೆ ಕಂಡೇ ಇರಲಿಲ್ಲ. ಯಾರಿಗೂ ಕಂಡಿರಲಿಲ್ಲ. ಗಂಡನ್ನ ಉಳಿಸೋಕೆ ಬರೆಯೋರು ಅದನ್ನ ಯಾಕೆ ಬರೀತಾರೆ? ಅದನ್ನ ಓದಿದ ಮೇಲೇ ನಾನು ಮೇಲಿನದ್ದನ್ನ ನಂಬಿ, ಮೊದಲಿಂದ ಲೆಕ್ಕ ಹಾಕಿದ್ದು. ಎರಡೂ ಸರಿ ಇದೆ."

ಅಧ್ಯಕ್ಷೆ ನನ್ನ ಮಗನ ಕಡೆ ತಿರುಗಿದರು. "ಮೂಲೆ ನೋಡಿದ್ರಾ?"

"ನೋಡಿದೆ ಮೇಡಂ. ಸೋರ್ತಿತ್ತು. ಮುಚ್ಚಳ ಬದಲಾಯಿಸಿದ್ದೀನಿ."

"ದೊಡ್ಡ ಚುಕ್ಕೆ ಹೊದಿಕೆ, ಸಣ್ಣದು ಸರಿಯಾಗಿದೆ," ಅಂದರು ಅಧ್ಯಕ್ಷೆ. "ಯಾರ್ಡು ಇವರ ಹತ್ತಿರವೇ ಇರಲಿ."

ನನ್ನ ಮಗ ಆಗ ಹಿಂದಕ್ಕೆ ತಿರುಗಿ ನೋಡಿದ. ನನ್ನನ್ನಲ್ಲ. ನಾನು ಕೂತಲ್ಲೇ ಬೆವರಿದೆ. ನನ್ನ ಮಾತು ಕೇಳಿ ಅವಳು ಅರ್ಧ ಬರೆದಿದ್ದರೆ ಆ ಅರ್ಧವನ್ನ ನಗುನಗುತ್ತಾ ಕಸಕ್ಕೆ ಹಾಕಿರೋರು, ನನ್ನ ಮಗ ಕೆಲಸ ಇಲ್ಲದೆ ಮನೆಗೆ ಬಂದಿರೋನು. ಮನೆಗೆ ಬರುವಾಗ ದಾರಿಯಲ್ಲಿ ಅವಳಿಗೆ ಒಂದು ಡಜನ್ ಬಟ್ಟೆ ಕ್ಲಿಪ್ಪು ಕೊಡಿಸಿದೆ. "ಯಾಕತ್ತೆ?" ಅಂದಳು. "ಇರಲಿ ಸುಮ್ನೆ," ಅಂದೆ.

ಇಷ್ಟಾದರೂ ಗಂಡಸಿನ ಬಿಗುಮಾನ ನೋಡಿ, ಅವತ್ತು ಸಂಜೆಯೂ ನೇರ ಮಾತಿಲ್ಲ. ಮಾರನೇ ದಿನ ಅವಳಿಗೆ ರಜ. ಮಧ್ಯಾಹ್ನ ತಾರಸಿ ಮೇಲೆ ನಾವಿಬ್ಬರೂ ಬಟ್ಟೆ ಹರವುತ್ತಿದ್ದೆವು. ಸುಡು ಬಿಸಿಲು, ಒಂದು ಮೋಡ ಇಲ್ಲ. ನನ್ನ ಫೋನ್ ಬಡ್ಕೊಂಡಿತು.

"ಅಮ್ಮ," ಅಂದ ಮಗ. "ಅವಳಿಗೆ ಹೇಳು. ಗಾಳಿ ಪೂರ್ವದಿಂದ."

"ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ? ನೀನೇ ಹೇಳ್ಕೋ," ಅಂದು ಫೋನನ್ನ ಅವಳ ಒದ್ದೆ ಕೈಗೆ ತುರುಕಿದೆ.

ಅವಳು ಫೋನ್ ಕಿವಿಗೆ ಇಟ್ಕೊಂಡಳು. ಆಮೇಲೆ ಏನೂ ಕೇಳಿಸಿಕೊಳ್ಳದವಳ ಹಾಗೆ, "ಗಾಳಿ ಯಾವ ಕಡೆಯಿಂದ ರೀ?" ಅಂದಳು. ಅವನು ಮತ್ತೆ ಹೇಳಿರಬೇಕು. "ಹೌದಾ? ಇಲ್ಲೂ ಹಾಗೇ ಇದೆ, ಪೂರ್ವದಿಂದಲೇ," ಅಂದಳು, ಮೂಗು ಒರೆಸಿಕೊಳ್ತಾ, ನಗ್ತಾ.

ನಾನು ತಂತಿ ಕಡೆ ನೋಡಿದೆ. ಹೂವಿನ ಬೆಡ್‌ಶೀಟು, ಅವನ ಅಂಗಿಗಳು, ನನ್ನ ಸೀರೆ, ಎಲ್ಲ ನೆಟ್ಟಗೆ ನೇತಾಡ್ತಿದ್ದವು. ಒಂದರ ತುದಿಯೂ ಅಲುಗಾಡ್ತಿರಲಿಲ್ಲ. ಅವತ್ತು ಊರಿನಲ್ಲಿ ಗಾಳಿಯೇ ಇರಲಿಲ್ಲ.

ನನ್ನ ಸೊಸೆ ಸುಳ್ಳು ಹೇಳಿದ್ದನ್ನ ನಾನು ಕೇಳಿದ್ದು ಅದೊಂದೇ ಸಲ. ಬಾಯಿ ಮುಚ್ಕೊಂಡು ಕೆಳಗಿಳಿದು ಹೋಗಿ ಚಹಾಕ್ಕೆ ನೀರಿಟ್ಟೆ.